ಹೆಂಗಸರ ಗಾಡಿ

ಬೈಲಹೊಂಗಲದ ಕಾಂತೇಶನ ಮನೆಯಂಗಳದಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿರುತ್ತಿತ್ತು. ಅವನ ಹೆಂಡತಿ ಪೂನಮ್ ದಿನಾ ಬೆಳಿಗ್ಗೆ ಆ ಕಾರಿನ ಪಕ್ಕದಲ್ಲೇ ಹಾದು, ಸಂಪಗಾಂವದ ಬಸ್ಸು ತಪ್ಪೀತೆಂದು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದಳು. ಅವಳ ಚೀಲದಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಜೊತೆಗೆ ಒಂದು ಡ್ರೈವಿಂಗ್ ಲೈಸನ್ಸು ಇರುತ್ತಿತ್ತು. ಡಬ್ಬಿಗೂ ಬಾಟಲಿಗೂ ದಿನಾ ಕೆಲಸವಿತ್ತು. ಲೈಸನ್ಸು ಮಾತ್ರ ಮದುವೆಯಾದಾಗಿನಿಂದ ಚೀಲದ ತಳದಲ್ಲಿ ಆರಾಮಾಗಿ ಮಲಗಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಕಟ್ಟಿದವರು ಈ ಅಂಗಳವನ್ನು ನೋಡಿಯೇ ಕಟ್ಟಿರಬೇಕು.

ಪೂನಮ್ ಕಟಕೋಳದ ಹುಡುಗಿ. ಅಪ್ಪ ಕಾಡಪ್ಪ ಕಟಕೋಳದಿಂದ ರಾಮದುರ್ಗಕ್ಕೆ ಮ್ಯಾಕ್ಸಿಕ್ಯಾಬ್ ಓಡಿಸುತ್ತಿದ್ದ. ಒಳಗೆ ಹಿಡಿಯುವಷ್ಟು ಜನ ಒಳಗೆ, ಉಳಿದವರು ಹಿಂದಿನ ಏಣಿಗೆ ಜೋತುಬಿದ್ದು. ಮಗಳಿಗೆ ಅವನು ಗಾಡಿ ಕಲಿಸಿದ್ದು ಬೀಳುಬಿದ್ದ ಹೊಲದಲ್ಲಿ, ಮತ್ತು ಕಲಿಸಿದ್ದು ಒಂದೇ ಪಾಠ: "ಹಿಂದ ಮುದುಕಿ ಜೋತಬಿದ್ದಾಳ ಅಂತ ತಿಳಕೊಂಡ ಕಾಲ ಇಡವಾ. ಜಗ್ಗಿ ಒತ್ತಿದಿ ಅಂದ್ರ ಗಾಡಿ ಮುಂದ ಹೋಗತೈತಿ, ಮುದುಕಿ ಅಲ್ಲೇ ಉಳೀತಾಳ." ಮುಂದೆ ಪೂನಮ್ ಓದಿ, ಸಂಪಗಾಂವದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆದಳು. ಅವಳು ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಮುದುಕಿಯರು ಅವಳ ಸಲುವಾಗಿಯೇ ಕಾಯ್ದು ಕೂಡುತ್ತಿದ್ದರು.

ಇನ್ನು ಕಾಂತೇಶ. ಅವನಿಗೆ ಬಾಡಿಗೆಗೆ ಬಿಡುವ ಟ್ರ್ಯಾಕ್ಟರುಗಳಿದ್ದವು, ಒಂದು ಜೆಸಿಬಿ ಇತ್ತು, ತಕ್ಕ ಮೀಸೆಯೂ ಇತ್ತು. ಇವಿಷ್ಟೂ ಸಾಲದೆಂದು ಪುಣೆಯ ಯಾರೋ ಬೇಸತ್ತವನ ಹತ್ತಿರ ಆ ಕೆಂಪು ಕಾರನ್ನು ಕೊಂಡುಕೊಂಡು ಬಂದ. ಎರಡೇ ಬಾಗಿಲು, ಎರಡೇ ಸೀಟು, ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಅಗಲ. ಇಂಜಿನ್ನು ಗುಟುರು ಹಾಕಿದರೆ ಓಣಿಯ ನಾಯಿಗಳು ಗಟಾರ ಹಾರುತ್ತಿದ್ದವು. ಬೈಲಹೊಂಗಲದ ಬಜಾರಿನಲ್ಲಿ ಈ ಮಹಾ ವೇಗದ ಗಾಡಿ ಹತ್ತಿ ಹೇರಿದ ಚಕ್ಕಡಿಯ ಹಿಂದೆ, ಎತ್ತುಗಳ ಮರ್ಜಿ ಕಾಯುತ್ತಾ ಹೋಗುತ್ತಿತ್ತು. ಮೇಲಾಗಿ ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಬಸ್ ಸ್ಟ್ಯಾಂಡ್ ಎದುರಿನ ಹಂಪ್ ದಾಟಬೇಕಾದರೆ ಯಾರಾದರೂ ಇಳಿದು, ಡಿಕ್ಕಿಯಲ್ಲಿನ ಎರಡು ಹಲಗೆ ತೆಗೆದು, ಚಕ್ರಗಳ ಮುಂದೆ ಇಡಬೇಕಿತ್ತು. ಗಂಡ ಹೆಂಡತಿ ಮದುವೆ ಮುಂಜಿಗೆ ಹೊರಟಾಗ ಆ ಕೆಲಸ ಪೂನಮಳದು. ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ಬಸ್ಸಿಗೆ ಕಾಯುವ ಜನರೆಲ್ಲ ನೋಡುತ್ತಿರುವಾಗ ಅವಳು ಬಗ್ಗಿ ಹಲಗೆ ಇಡುತ್ತಿದ್ದಳು. ಕಾಂತೇಶ ಒಳಗೆ ಕೂತು ಕಪ್ಪು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ. ಅವಳಿಗೆ ಆಗೆಲ್ಲ ಭೂಮಿ ಬಾಯ್ಬಿಡಬಾರದೇ ಅನಿಸುತ್ತಿತ್ತು.

ಎಲ್ಲ ಸುಖವಾಗಿಯೇ ಇರುತ್ತಿತ್ತು. ಆದರೆ ಆ ಗಾಡಿಗೆ ಒಂದು ದೊಡ್ಡ ಐಬಿತ್ತು. ಅದು ಆಟೊಮ್ಯಾಟಿಕ್. ಕ್ಲಚ್ಚಿಲ್ಲ, ಗೇರು ಹಾಕುವ ಕೆಲಸವಿಲ್ಲ, ಎಡಗಾಲು ಪೂರ್ತಿ ನಿರುದ್ಯೋಗಿ. ನಮ್ಮ ಕಡೆ ಗಂಡಸಿನ ಯೋಗ್ಯತೆಯನ್ನು ಅಳೆಯುವುದು ಗೇರು ಹಾಕುವ ಸಪ್ಪಳದಿಂದ. ಸಪ್ಪಳವೇ ಇಲ್ಲದಿದ್ದರೆ ಹೇಗೆ ಅಳೆಯುವುದು?

ಈ ಐಬನ್ನು ಮೊದಲು ಎತ್ತಿ ತೋರಿಸಿದವನು ಕಾಂತೇಶನ ಅಕ್ಕನ ಗಂಡ, ರಾಮದುರ್ಗದ ವಿರೂಪಾಕ್ಷ. ಅವನ ಹತ್ತಿರ ಒಂದು ಹಳೇ ಜೀಪಿತ್ತು. ಅದರ ಗೇರು ಹಾಕಲು ಎರಡೂ ಕೈ ಬೇಕಾಗುತ್ತಿತ್ತು, ಹಾಗಾಗಿ ಅವನ ಗಂಡಸುತನದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಸವದತ್ತಿಯಲ್ಲಿ ಬಳಗದವರ ತೊಟ್ಟಿಲ ಕಾರ್ಯಕ್ಕೆ ಎಲ್ಲರೂ ಸೇರಿದ್ದರು. ಉಂಡು ಎದ್ದವನು ಕೆಂಪು ಕಾರನ್ನು ಒಂದು ಸುತ್ತು ಹಾಕಿ, ಒಳಗೆ ಬಗ್ಗಿ ನೋಡಿ, ಎಲೆಅಡಿಕೆ ಅಗಿಯುತ್ತಾ ತೀರ್ಪು ಕೊಟ್ಟ:

"ಗಾಡಿ ಛಂದ ಐತಿ, ಕಾಂತೂ. ಆದ್ರ ಇದು ಹೆಂಗಸರ ಗಾಡಿ."

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ತೊಟ್ಟಿಲ ಕೂಸೂ ನಕ್ಕಿತೆಂದು ಆಮೇಲೆ ಯಾರೋ ಸೇರಿಸಿದರು. ಕಾಂತೇಶನ ಮುಖ ಗಾಡಿಯ ಬಣ್ಣಕ್ಕೆ ತಿರುಗಿತು.

ಅದರ ಪೆಟ್ಟು ಬಿದ್ದದ್ದು ಪೂನಮಳಿಗೆ. ಅಲ್ಲಿಯವರೆಗೆ ಅವಳು ಕೇಳಿದರೆ "ನೋಡೂಣು" ಎನ್ನುತ್ತಿದ್ದ ಕಾಂತೇಶ ಈಗ ಖಡಾಖಂಡಿತವಾಗಿ ಇಲ್ಲ ಅಂದ. ಲೆಕ್ಕ ಸರಳವಾಗಿತ್ತು. ಊರು ಇದನ್ನು ಹೆಂಗಸರ ಗಾಡಿ ಅನ್ನುತ್ತಿದೆ. ಅಂಥದರಲ್ಲಿ ಹೆಂಗಸೊಬ್ಬಳು ಓಡಿಸಿಬಿಟ್ಟರೆ ಮಾತು ಖರೆಯಾಗಿ ಹೋಗುತ್ತದೆ. ಹಾಗಾಗಿ ಇದು ಹೆಂಗಸರ ಗಾಡಿಯಲ್ಲ ಎಂದು ಸಿದ್ಧ ಮಾಡಲು ಪೂನಮ್ ಬಸ್ಸಿನಲ್ಲಿ, ಜೋಳದ ಚೀಲಗಳ ನಡುವೆ, ಒಂಟಿಗಾಲಲ್ಲಿ ನಿಂತು ಹೋಗಬೇಕಿತ್ತು. ಗಂಡನ ಮರ್ಯಾದೆ ಕಾಯುವುದೆಂದರೆ ಇದೇ.

ಒಂದು ಕೆಲಸ ಮಾತ್ರ ಅವಳಿಗೆ ಬಿಟ್ಟಿದ್ದ. ಕಾಂತೇಶ ಬೆಳಕು ಹರಿಯುವ ಮುಂಚೆ ಟ್ರ್ಯಾಕ್ಟರು ಹೊರಡಿಸಲು ಹೋಗುತ್ತಿದ್ದ. ನಿಂತ ಗಾಡಿಯ ಬ್ಯಾಟರಿ ಕೂತುಬಿಡುತ್ತದೆಂದು ದಿನಾ ಅದನ್ನು ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಬಂದ್ ಮಾಡುವುದು ಪೂನಮಳ ಪಾಲಿಗೆ ಬಂತು. ಅಂಗಳ ಗುಡಿಸುವುದು, ನೀರು ತುಂಬುವುದು, ಸ್ಪೋರ್ಟ್ಸ್ ಕಾರು ಚಾಲೂ ಮಾಡುವುದು. ಅವಳು ಬ್ರೇಕಿನ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಆಮೇಲಾಮೇಲೆ ಎಡಗಾಲು ಬ್ರೇಕಿಗೆ ಕೊಟ್ಟು, ಬಲಗಾಲಿನಿಂದ ಇನ್ನೊಂದು ಪೆಡಲನ್ನು ಕೂದಲೆಳೆಯಷ್ಟು ಒತ್ತುತ್ತಿದ್ದಳು. ಗಾಡಿಯ ಬೆನ್ನು ಒಂದಿಷ್ಟು ಬಿಗಿಯುತ್ತಿತ್ತು, ಹೋಗೋಣವೇ ಎಂದು ಕೇಳುತ್ತಿತ್ತು. ಪೂನಮ್ ಬಂದ್ ಮಾಡಿ ಬಸ್ಸಿಗೆ ಓಡುತ್ತಿದ್ದಳು. ಅವಳಿಗೆ ಬಂಗಾರ ಬೇಕಿರಲಿಲ್ಲ, ಗೋವಾ ಮಹಾಬಳೇಶ್ವರ ಬೇಕಿರಲಿಲ್ಲ. ಆ ಗಾಡಿಯನ್ನು ಒಮ್ಮೆ ಅಂಗಳದಿಂದ ಆಚೆ ಒಯ್ಯಬೇಕಿತ್ತು.

ಹಿಂಗಿರುವಾಗ ಕಿತ್ತೂರಿನ ಕಡೆ ಡ್ರ್ಯಾಗ್ ರೇಸ್ ಮಾಡುತ್ತಾರೆಂದು ಸುದ್ದಿ ಬಂತು. ಅಲ್ಲೆಲ್ಲೋ ಕಾರ್ಖಾನೆಗಳು ಬರುತ್ತವೆಂದು ಉದ್ದಾನುದ್ದ ಸಿಮೆಂಟ್ ರಸ್ತೆ ಮಾಡಿದ್ದರು. ಕಾರ್ಖಾನೆ ಬರಲಿಲ್ಲ, ರಸ್ತೆ ಉಳಿಯಿತು. ಗಾಡಿ ಹುಚ್ಚಿನ ಹುಡುಗರ ಒಂದು ಸಂಘ ಪರವಾನಗಿ ತೆಗೆಸಿ, ಆಂಬುಲೆನ್ಸ್ ನಿಲ್ಲಿಸಿ, ಎರಡೆರಡು ಗಾಡಿಗಳನ್ನು ಜೋಡಿ ಬಿಡುವುದೆಂದು ಸಾರಿತು. ತಿರುವಿಲ್ಲ, ಮುರುವಿಲ್ಲ, ನೆಟ್ಟಗೆ ಹೋಗಿ ಗೆರೆ ದಾಟುವುದು ಅಷ್ಟೇ. ಸುದ್ದಿ ತಂದವನು ವಿರೂಪಾಕ್ಷನೇ. ಬೈಲಹೊಂಗಲಕ್ಕೆ ಬಂದು, ಚಹಾ ಕುಡಿಯುತ್ತಾ, ಹೆಂಗಸರ ಗಾಡಿಗೂ ಅಲ್ಲಿ ಪ್ರವೇಶವಿದೆಯಂತೆ ಎಂದು ಸಹಜವಾಗಿ ಹೇಳಿದ.

ಕಾಂತೇಶ ಎದ್ದು ದೇವರ ಮಾಡದ ಹತ್ತಿರ ಹೋದ. ಅಲ್ಲಿ ಅವನ ತಾಯಿ ಲಗಮವ್ವ ಸವದತ್ತಿ ಎಲ್ಲಮ್ಮನ ಭಂಡಾರ ಇಟ್ಟಿದ್ದಳು. ಆ ಅರಿಶಿನ ಪುಡಿಯನ್ನು ಮುಟ್ಟಿ ಆಣೆ ಮಾಡಿದವನು ತಪ್ಪಿದರೆ ಏನಾಗುತ್ತದೆಂದು ಈ ಭಾಗದಲ್ಲಿ ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಕಾಂತೇಶ ಐದೂ ಬೆರಳು ಅದರಲ್ಲಿ ಅದ್ದಿದ.

"ಮಾಮಾ, ನಿನ್ನ ಜೀಪಿಗೆ ನಾ ಸೋತನೆಂದ್ರ ಗಾಡಿ ಕೀಲಿ ಪೂನಮ್ ಕೈಯಾಗ ಕೊಡತೇನಿ. ಮತ್ತ ನಾ ಆ ಸ್ಟೇರಿಂಗ್ ಮುಟ್ಟಂಗಿಲ್ಲ. ತಾಯಿ ಆಣಿ."

ಅವನ ಬಾಯಿಗೆ ಬಂದ ಅತಿ ದೊಡ್ಡ ಅವಮಾನ ಅದು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಪೂನಮಳ ಕಿವಿಗೆ ಅದೇ ಮಾತು ಬೇರೆ ಥರ ಕೇಳಿಸಿತು. ಕಪ್ಪುಗಳು ಸದ್ದು ಮಾಡಿದವು. ಲಗಮವ್ವ ಅವಳತ್ತ ಒಮ್ಮೆ ನೋಡಿ, ಮಗನತ್ತ ಒಮ್ಮೆ ನೋಡಿ, ಭಂಡಾರವನ್ನು ಮತ್ತೆ ಮಾಡದೊಳಕ್ಕೆ ಸರಿಸಿಟ್ಟಳು.

ಖರೆ ಹೇಳಬೇಕೆಂದರೆ ಆ ಜೀಪನ್ನು ಸೋಲಿಸಲು ಆ ಗಾಡಿ ಏನೂ ಮಾಡಬೇಕಿರಲಿಲ್ಲ. ಸುಮ್ಮನೆ ಬಿಟ್ಟರೂ ಗೆಲ್ಲುತ್ತಿತ್ತು. ಆದರೆ ಸುಮ್ಮನೆ ಬಿಡುವುದು ಕಾಂತೇಶನ ಜಾಯಮಾನವಲ್ಲ. ಹೊಲದ ಕಡೆಯ ರಸ್ತೆಯಲ್ಲಿ ತಾಲೀಮು ಶುರು ಮಾಡಿದ. ಪೆಡಲನ್ನು ಒಂದೇ ಏಟಿಗೆ ತಳಕ್ಕೆ ತುಳಿಯುತ್ತಿದ್ದ. ಹಿಂದಿನ ಚಕ್ರಗಳು ಇದ್ದಲ್ಲೇ ಗರಗರ ತಿರುಗಿ, ಹೊಗೆ ಎಬ್ಬಿಸಿ, ಗಾಡಿಯ ಬಾಲ ಬದುವಿನ ಕಡೆ ಹೋಗುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಮೂತಿ ಒಂದು ಕಡೆ, ಬಾಲ ಒಂದು ಕಡೆ. ಶಕ್ತಿಯೆಲ್ಲ ಹೊಗೆಯಾಗಿ ಹೋಗುತ್ತಿತ್ತೇ ಹೊರತು ನೆಲ ಕಚ್ಚುತ್ತಿರಲಿಲ್ಲ.

ಗಾಬರಿಯಾಗಿ ಒಂದು ಸಂಜೆ ಗಾಡಿಯ ಪುಸ್ತಕವನ್ನು ಪೂನಮಳ ಮುಂದೆ ಹಾಕಿದ. ಅದು ಇಂಗ್ಲಿಷಿನಲ್ಲಿತ್ತು. ಚಕ್ರ ಯಾಕೆ ಜಾರುತ್ತಿದೆ ನೋಡು ಅಂದ.

ಪೂನಮ್ ಪುಸ್ತಕ ಓದಿದಳು, ಮೊಬೈಲಿನಲ್ಲಿ ವಿಡಿಯೊಗಳನ್ನೂ ನೋಡಿದಳು. ಎಲ್ಲ ತಿಳಿಯಿತು. ಆಮೇಲೆ ಅವಳಿಗೆ ಕಷ್ಟ ಶುರುವಾಯಿತು. ಗಂಡ ಗೆದ್ದರೆ ಬಸ್ಸು, ಸೋತರೆ ಕೀಲಿ. ಸುಳ್ಳು ಹೇಳಿದರೆ ಮುಗಿಯಿತು. ಆದರೆ ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಜೊತೆಗೆ ಇನ್ನೊಂದು ವಿಷಯ ಚೆನ್ನಾಗಿ ಗೊತ್ತಿತ್ತು: ಕಾಂತೇಶ ಒಂದು ಕೆಲಸ ಮಾಡಬಾರದೆಂದರೆ ಅದನ್ನು ಮಾಡೆಂದು ಹೆಂಡತಿ ಹೇಳಿದರೆ ಸಾಕು.

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಲಗಮವ್ವನ ಎದುರಿಗೇ ಅವಳು ಇದ್ದದ್ದು ಇದ್ದಂತೆಯೇ ಹೇಳಿದಳು. ಹಿಂದಿನ ಟೈರಿನ ಗಾಳಿ ಸ್ವಲ್ಪವೇ ಇಳಿಸಬೇಕು. ಹೊರಡುವ ಮುಂಚೆ ಚಕ್ರವನ್ನು ಒಂದೆರಡು ಕ್ಷಣ ತಿರುಗಿಸಿ ಧೂಳು ಕೊಡವಿ ಬಿಸಿ ಮಾಡಬೇಕು. ಆಮೇಲೆ ಟೈರಿಗೂ ನೆಲಕ್ಕೂ ನಡುವೆ ನೀರಾಗಲಿ ಪುಡಿಯಾಗಲಿ ಬರಬಾರದು. ಜಾರುವುದನ್ನು ತಡೆಯುವ ಒಂದು ಗುಂಡಿಯಿದೆ, ಅದನ್ನು ಬಂದ್ ಮಾಡಬಾರದು. ಎಡಗಾಲು ಬ್ರೇಕಿನ ಮೇಲಿಟ್ಟು, ಬಲಗಾಲಿನಿಂದ ಇಂಜಿನ್ನನ್ನು ಒಂದಿಷ್ಟು ಬಿಗಿ ಹಿಡಿದು, ಬ್ರೇಕು ಬಿಟ್ಟು, ಹಂತ ಹಂತವಾಗಿ ಒತ್ತುತ್ತಾ ಹೋಗಬೇಕು.

"ಒಟ್ಟ ಹಗೂರ ಒತ್ತರಿ," ಅಂದಳು. "ಹಿಂದ ಮುದುಕಿ ನಿಂತಾಳ ಅಂತ ತಿಳ್ಕೋರಿ."

"ರೇಸಿನ್ಯಾಗ ಮುದುಕಿ ಎಲ್ಲಿಂದ ಬಂದ್ಳು?" ಎಂದು ಕಾಂತೇಶ ಪುಸ್ತಕ ಮುಚ್ಚಿದ.

ನೇರವಾಗಿ ತನ್ನ ಟ್ರ್ಯಾಕ್ಟರ್ ಡ್ರೈವರ್ ಮಾಳಪ್ಪನ ಹತ್ತಿರ ಹೋದ. ಮಾಳಪ್ಪ ಗಂಡಸಾದ್ದರಿಂದ ಅವನ ಸಲಹೆಯಲ್ಲಿ ತೂಕವಿತ್ತು. ಖರೇನೇ ತೂಕವಿತ್ತು. ಕುಂಟೆ ಹೊಡೆಯುವಾಗ ನೆಲ ಕಚ್ಚದಿದ್ದರೆ ಮೇಲೆ ಕಲ್ಲು ಹೇರುವುದಿಲ್ಲವೇ ಎಂದು ಕೇಳಿದ ಅವನು, ಡಿಕ್ಕಿಯಲ್ಲಿ ಹಿಡಿಯುವಷ್ಟು ಕಡಲೆ ಚೀಲ ಹೇರಿಸಿದ. ಎಕ್ಸಲೇಟರು ಪೂರ್ತಿ ತುಳಿಯುವುದೇ ದಮ್ಮು ಅಂದ. ಆ ಗುಂಡಿಯ ಬಗ್ಗೆ ಕೇಳಿದ್ದಕ್ಕೆ, ನಡುವೆ ಕೈ ಹಾಕುವ ಯಂತ್ರವನ್ನು ಮೊದಲು ಬಂದ್ ಮಾಡಬೇಕು ಅಂದ. ಕಾಂತೇಶನಿಗೆ ಇದು ಮನಸ್ಸಿಗೆ ಬಂತು. ಪೂನಮ್ ಮತ್ತೊಮ್ಮೆ ಹೇಳಿನೋಡಿದಳು. ಎರಡನೇ ಸಲ ಹೇಳಿದ್ದರಿಂದ ಅವನ ನಿರ್ಧಾರ ಇನ್ನೂ ಗಟ್ಟಿಯಾಯಿತು.

ರೇಸಿನ ದಿನ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಬಳಗವೆಲ್ಲ ಚುರುಮುರಿ ಕಟ್ಟಿಕೊಂಡು ಬಂದಿತ್ತು. ಲಗಮವ್ವ ಟ್ರ್ಯಾಕ್ಟರಿನಲ್ಲಿ, ಪೂಜೆಯ ತಟ್ಟೆ ಮಡಿಲಲ್ಲಿಟ್ಟುಕೊಂಡು ಬಂದಳು. ಸ್ನೇಹಲ್ ಎಂಬ ಬೆಳಗಾವಿಯ ಹುಡುಗಿ ಒಬ್ಬೊಬ್ಬರ ಲೈಸನ್ಸು ನೋಡಿ ಹೆಲ್ಮೆಟ್ ಕೊಡುತ್ತಿದ್ದಳು. ಪ್ರತಿ ಗಾಡಿಗೆ ಎರಡು ಓಟ, ಎರಡನೆಯದು ಬೇಕಾದವರಿಗೆ ಅಂದಳು.

ಕಾಂತೇಶ ಗಾಡಿಯನ್ನು ಗೆರೆಯ ಹತ್ತಿರ ತಂದ. ಚಕ್ರ ತಿರುಗಿಸಿ ಬಿಸಿ ಮಾಡಿದ. ಹೊಗೆ ಬರುವ ಕೆಲಸವಾದ್ದರಿಂದ ಹೆಂಡತಿಯ ಈ ಒಂದು ಮಾತನ್ನು ಮಾತ್ರ ಪಾಲಿಸಿದ. ಜನ ಸೀಟಿ ಹೊಡೆದರು. ಟೈರುಗಳು ಈಗ ಬಿಸಿಯಾಗಿ, ಅಂಟಂಟಾಗಿ, ನೆಲ ಕಚ್ಚಲು ತಯಾರಾಗಿದ್ದವು. ಆಗ ಲಗಮವ್ವ ತಟ್ಟೆ ಹಿಡಿದು ಬಂದಳು. ಸ್ನೇಹಲ್ ತಡೆಯಲು ಹೋದಳು. ಎಲ್ಲಮ್ಮನ ಹೆಸರು ಕೇಳಿ ಹಿಂದೆ ಸರಿದಳು.

ಹೊಸ ಕೆಲಸಕ್ಕೆ ಹೊರಟ ಗಾಡಿಗೆ ಪೂಜೆಯಿಲ್ಲದೆ ಬಿಡುವುದುಂಟೇ? ನಾಲ್ಕೂ ಚಕ್ರಕ್ಕೆ ಭಂಡಾರ ಎರಚಿದಳು, ಹಿಂದಿನವಕ್ಕೆ ಒಂದು ಹಿಡಿ ಜಾಸ್ತಿ. ಹಿಂದಿನ ಎರಡೂ ಚಕ್ರದ ಮುಂದೆ ಒಂದೊಂದು ತೆಂಗಿನಕಾಯಿ ಒಡೆದಳು. ಕಾಯಿಯ ನೀರು ಹರಿದು ಹಳದಿ ಪುಡಿಯ ಜೊತೆ ಸೇರಿ, ಟೈರಿನ ಕೆಳಗೇ ಚೆಂದದ ರಾಡಿಯಾಯಿತು.

ಪೂನಮ್ ಪಕ್ಕದಲ್ಲೇ ನಿಂತಿದ್ದಳು. ಬಾಯಿ ಬಿಡಬೇಕೋ ಬೇಡವೋ ಎಂದು ತೂಗಿ ನೋಡಿದಳು. ಕೊನೆಗೆ ಕಿಟಕಿಗೆ ಬಗ್ಗಿ ಹೇಳಿಯೇಬಿಟ್ಟಳು: "ಚಕ್ರಕ್ಕ ಪುಡಿ ತಾಗೇತಿ. ಒರೆಸಿ ಹೋಗರಿ."

"ಭಂಡಾರಕ್ಕ ಪುಡಿ ಅಂತೀ?" ಕಾಂತೇಶ ಕಣ್ಣು ಕೆಂಪು ಮಾಡಿದ. "ಬಾಯಿ ಬಿಗಿ ಹಿಡಿ."

ಅವಳು ಬಿಗಿ ಹಿಡಿದಳು. ಪತಿವ್ರತೆಗೆ ಅದಕ್ಕಿಂತ ದೊಡ್ಡ ಧರ್ಮವಿಲ್ಲ.

ಬಾವುಟ ಇಳಿಯಿತು. ವಿರೂಪಾಕ್ಷನ ಜೀಪು ಗೇರು ಕರಕರ ಕಡಿದು, ಒಮ್ಮೆ ಕೆಮ್ಮಿ, ಹೊರಟಿತು. ಕಾಂತೇಶ ಗುಂಡಿ ಬಂದ್ ಮಾಡಿದ್ದ, ಕಡಲೆ ಚೀಲ ಹೇರಿದ್ದ, ದಮ್ಮು ತೋರಿಸಿ ಪೂರ್ತಿ ತುಳಿದ. ಎಂಥಾ ಸಪ್ಪಳ, ಎಂಥಾ ಹೊಗೆ! ಹಳದಿ ರಾಡಿ ಎದ್ದು ಹಿಂದೆ ನಿಂತವರ ಬಿಳಿ ಅಂಗಿಗಳ ಮೇಲೆ ಬಿತ್ತು. ಗಾಡಿ ಮಾತ್ರ ಇದ್ದಲ್ಲೇ ಇತ್ತು. ಅವನು ಇನ್ನೂ ಒತ್ತಿದ. ಟೈರು ರಾಡಿಯನ್ನೆಲ್ಲ ಸುಟ್ಟು ಒಮ್ಮೆಲೇ ನೆಲ ಕಚ್ಚಿದಾಗ ಗಾಡಿ ಗಕ್ಕನೆ ಎಗರಿತು, ಬಾಲ ಬೀಸಿತು, ಒಂದು ಪೂರ್ತಿ ಗಿರಕಿ ಹೊಡೆಯಿತು, ಇನ್ನೂ ಅರ್ಧ ಹೊಡೆಯಿತು. ನಿಂತಾಗ ಅದರ ಮೂತಿ ಬೈಲಹೊಂಗಲದ ಕಡೆಗಿತ್ತು. ಜೀಪು ಅಷ್ಟರಲ್ಲಿ ಗೆರೆ ದಾಟಿ, ಬ್ರೇಕು ಹತ್ತದೆ ಇನ್ನೂ ಹೋಗುತ್ತಿತ್ತು.

ಕಾಂತೇಶ ಇಳಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ರಸ್ತೆ ಓರೆಯಾಗಿದೆ ಅಂದ, ಸಿಮೆಂಟು ನುಣುಪು ಅಂದ, ಪುಣೆಯವನು ಮೋಸ ಮಾಡಿದ ಅಂದ, ಇದು ಲೆಕ್ಕಕ್ಕಿಲ್ಲ ಎರಡನೇ ಓಟ ಓಡುತ್ತೇನೆ ಅಂದ. ಬಳಗವೆಲ್ಲ ಕಾಲ ಬೆರಳು ನೋಡಿಕೊಳ್ಳುತ್ತಾ ನಿಂತಿತು. ಲಗಮವ್ವ ಖಾಲಿ ತಟ್ಟೆ ಹಿಡಿದು ಮಗನ ಮುಂದೆ ಬಂದು ನಿಂತಳು.

"ಕಾಂತ್ಯಾ, ಭಂಡಾರ ಮುಟ್ಟಿದ ಕೈ ಯಾವುದು?"

ಅವನು ಬಲಗೈ ನೋಡಿಕೊಂಡ. ಕೀಲಿ ಅದೇ ಕೈಯಲ್ಲಿತ್ತು.

"ಕೊಡು," ಅಂದಳು ತಾಯಿ.

ಪೂನಮ್ ಕೀಲಿ ತೆಗೆದುಕೊಂಡಳು. ಇನ್ನೊಂದು ಓಟ ಉಳಿದಿದೆ, ಬೇಕೇ ಎಂದು ಸ್ನೇಹಲ್ ಕೇಳಿದಳು. ಪೂನಮ್ ಚೀಲದ ತಳಕ್ಕೆ ಕೈ ಹಾಕಿ ಲೈಸನ್ಸು ಹೊರಗೆ ತೆಗೆದಳು.

ಮಾಳಪ್ಪನಿಗೆ ಹೇಳಿ ಕಡಲೆ ಚೀಲ ಇಳಿಸಿದಳು. ಒದ್ದೆ ಬಟ್ಟೆಯಿಂದಲ್ಲ, ಒಣ ಬಟ್ಟೆಯಿಂದ ಟೈರು ಒರೆಸಿದಳು. ಕಾಂತೇಶನ ಗಿರಕಿಗೆ ಅವು ಹದವಾಗಿ ಬಿಸಿಯಾಗಿದ್ದವು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಗೆಂದು ತಯಾರಿ ಮಾಡಿಕೊಟ್ಟ ಮೊದಲ ಕೆಲಸ ಅದು. ರಾಡಿಯಿಲ್ಲದ ಪಕ್ಕದ ಸಾಲಿಗೆ ಗಾಡಿ ತಂದು ನಿಲ್ಲಿಸಿ, ಗುಂಡಿ ಮತ್ತೆ ಚಾಲೂ ಮಾಡಿದಳು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಕೂದಲೆಳೆಯಷ್ಟು. ದಿನಾ ಅಂಗಳದಲ್ಲಿ ಆಗುತ್ತಿದ್ದಂತೆ ಗಾಡಿಯ ಬೆನ್ನು ಬಿಗಿಯಿತು, ಹೋಗೋಣವೇ ಎಂದು ಕೇಳಿತು. ಹಿಂದೆ ಒಬ್ಬಳು ಮುದುಕಿ ಏಣಿಗೆ ಜೋತುಬಿದ್ದಿದ್ದಾಳೆ ಎಂದುಕೊಂಡಳು. ಬಾವುಟ ಇಳಿಯುತ್ತಲೇ ಬ್ರೇಕು ಬಿಟ್ಟಳು.

ಕಿರುಚಾಟವಿಲ್ಲ, ಹೊಗೆಯಿಲ್ಲ. ನೋಡುವವರಿಗೆ ಮೊದಲು ನಿರಾಶೆಯೇ ಆಯಿತು. ಆಮೇಲೆ ನೋಡಿದರೆ ಗಾಡಿ ಅಲ್ಲಿರಲಿಲ್ಲ. ದಾರ ಹಿಡಿದು ಎಳೆದಂತೆ ನೆಟ್ಟಗೆ ಹೋಗಿ, ಮೊದಲ ಓಟದಲ್ಲಿ ಜೀಪು ಅರ್ಧ ದಾರಿ ಮುಟ್ಟಲು ಹಿಡಿದಷ್ಟು ಹೊತ್ತಿನಲ್ಲಿ ಗೆರೆ ದಾಟಿತ್ತು. ಒಳಗೆ ಪೂನಮ್ ಬಾಯಿ ತೆರೆದು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮತ್ತು ಅದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ.

ತಿರುಗಿ ಬಂದಾಗ ಶಭಾಷ್ ಅನ್ನುತ್ತಾರೆಂದು ಅವಳೇನೂ ಕಾಯಲಿಲ್ಲ, ಅವರೂ ಅನ್ನಲಿಲ್ಲ. ವಿರೂಪಾಕ್ಷ ಭಾವಮೈದುನನ ಹೆಗಲ ಮೇಲೆ ಕೈ ಹಾಕಿ, "ನಾ ಅವತ್ತ ಹೇಳಲಿಲ್ಲೇನ? ಹೆಂಗಸರ ಗಾಡಿ. ಅವರ ಕೈಯಾಗ ಹೆಂಗ ಓಡತೈತಿ ನೋಡು" ಅಂದ. ಕಾಂತೇಶನ ಮುಖ ಅರಳಿತು. ತಪ್ಪು ತನ್ನ ಕಾಲಿನದಲ್ಲ, ಗಾಡಿಯ ಜಾತಿಯದು. ಗಂಡಸು ಕೂತರೆ ಅದು ಓಡುವುದೇ ಇಲ್ಲ. ಒಂದು ವರ್ಷ ಯಾವ ಮಾತಿಗೆ ಊರೆಲ್ಲ ಜಗಳ ತೆಗೆದನೋ ಆ ಮಾತನ್ನು ಈಗ ತಾನೇ ಎಲ್ಲರಿಗೂ ಕರೆದು ಕರೆದು ಹೇಳತೊಡಗಿದ. ಭಾವ, ಭಾವಮೈದುನ ಇಬ್ಬರೂ ಒಂದೇ ಪುಡಿಕೆಯ ಚುರುಮುರಿ ತಿಂದರು.

ಸಂಜೆ ಮನೆಗೆ ಹೊರಟಾಗ ಲಗಮವ್ವ ಟ್ರ್ಯಾಕ್ಟರು ಹತ್ತಿದಳು. ಕಾಂತೇಶ ರೂಢಿಯಂತೆ ಗಾಡಿಯ ಬಲಗಡೆಗೆ ಹೋದ. ಅಲ್ಲಿ ಪೂನಮ್ ಕೂತಿದ್ದಳು. ಸುತ್ತು ಹಾಕಿ ಎಡಗಡೆಗೆ ಬಂದು ಕೂತ. ಕಬ್ಬಿನ ಗಾಡಿಗಳನ್ನು ಅವಳು ಒಂದೊಂದಾಗಿ ದಾಟುತ್ತಿದ್ದಳು. ಸೀಟು ಅಲುಗುತ್ತಲೂ ಇರಲಿಲ್ಲ. ಅವನು ಅವಳ ಕಾಲನ್ನೇ ನೋಡುತ್ತಿದ್ದ.

"ಹಗೂರ ಒತ್ತರಿ ಅಂತ ನೀ ಖರೇ ಹೇಳಿದ್ದಿ," ಅಂದ ಕೊನೆಗೆ.

"ಹೇಳಿದ್ದೆ."

"ನಾ ಕೇಳಂಗಿಲ್ಲ ಅಂತ ನಿನಗ ಮೊದಲ ಗೊತ್ತಿತ್ತೇನ?"

ಅಲ್ಲರೀ, ಹಂಗೇನಿಲ್ಲರೀ ಅನ್ನಬಹುದಿತ್ತು. ಆದರೆ ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಗೊತ್ತಿತ್ತರಿ," ಅಂದಳು. "ಕೇಳಿದ್ರ ನೀವ ಗೆಲ್ಲತಿದ್ರಿ."

ಕಾಂತೇಶ ಕಿಟಕಿಯ ಹೊರಗೆ ನೋಡಿದ. ಮೀಸೆಯ ಮೇಲೆ ಒಂದಿಷ್ಟು ಭಂಡಾರ ಹತ್ತಿಕೊಂಡಿತ್ತು, ಅವನಿಗೆ ಗೊತ್ತಿರಲಿಲ್ಲ. ಗಾಡಿ ಬೈಲಹೊಂಗಲ ಸೇರಿತು. ಬಸ್ ಸ್ಟ್ಯಾಂಡ್ ಎದುರಿನ ಹಂಪ್ ಬಂತು. ಸಂಜೆಯ ಬಸ್ಸಿಗೆ ಕಾಯುವ ಜನ ತುಂಬಿ ನಿಂತಿದ್ದರು. ಪೂನಮ್ ಗಾಡಿ ನಿಲ್ಲಿಸಿದಳು.

ಸ್ವಲ್ಪ ಹೊತ್ತಿಗೆ ಎಡಗಡೆಯ ಬಾಗಿಲು ತೆರೆಯಿತು. ಕಾಂತೇಶ ಇಳಿದು, ಡಿಕ್ಕಿಯಿಂದ ಹಲಗೆ ತೆಗೆದು, ಜನರೆಲ್ಲ ನೋಡುತ್ತಿರುವಾಗ ಚಕ್ರದ ಮುಂದೆ ಬಗ್ಗಿದ. ಪೂನಮ್ ಬ್ರೇಕಿನ ಮೇಲೆ ಕಾಲಿಟ್ಟು, ಅವನು ಎರಡನೇ ಹಲಗೆ ಸರಿಯಾಗಿ ಇಡುವವರೆಗೆ ಕಾಯ್ದಳು.